ಕಾಲಂ ಹನ್ನೊಂದು

ಬಾಣಾವರ, ಗೂಡ್ಸ್ ಶೆಡ್ಡಿನ ಹಿಂದೆ
ಚನ್ನವೀರಯ್ಯನವರ ಕಾಲದ ಎಣ್ಣೆ ಮಿಲ್ಲು.
ಕರೆ ಬಂದದ್ದು ಭಾನುವಾರ ನಸುಕು, ಮೂರು ಹತ್ತಕ್ಕೆ.
ಅರಸೀಕೆರೆಯಿಂದ ನಮ್ಮ ಗಾಡಿ ತಲುಪುವಷ್ಟರಲ್ಲಿ
ಸೂರು ತನ್ನ ಹೆಂಚುಗಳನ್ನು
ಒಂದೊಂದಾಗಿ ಉಗುಳುತ್ತಿತ್ತು.

ಈಗ ಸೋಮವಾರ. ಬೂದಿ ತಣ್ಣಗಿದೆ.
ಕೈಯಲ್ಲಿ ಟಾರ್ಚು, ಟೇಪು, ಮೂರಿಂಚಿನ ಒಂದು ಮೊಳೆ,
ಮತ್ತೆ ಹದಿನಾಲ್ಕು ಕಾಲಮ್ಮಿನ ಫಾರಂ.
ಹನ್ನೊಂದನೆಯದು: ಬೆಂಕಿಗೆ ಕಾರಣ.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಆ ಖಾನೆಗೆ
'ಶಾರ್ಟ್ ಸರ್ಕ್ಯೂಟ್' ಎಂದು ಎಷ್ಟು ಸಲ ಬರೆದೆನೋ.
ಒಮ್ಮೆ ಹುಲ್ಲಿನ ಬಣವೆಗೂ ಬರೆದಿದ್ದೆ.
ಸಾಹೇಬರು ಸಹಿ ಹಾಕಿದರು.

ಆದರೆ ಇಲ್ಲಿ ಲೈನ್‌ಮನ್ ರುದ್ರೇಶಿ
ಶುಕ್ರವಾರ ನಾಲ್ಕಕ್ಕೇ ಕಂಬ ಹತ್ತಿ ಫ್ಯೂಸು ಕಿತ್ತಿದ್ದಾನೆ.
ಮೂರು ತಿಂಗಳ ಬಾಕಿ.
ಆ ಪಿಂಗಾಣಿ ತುಂಡು ಅವನ ಚೀಲದಲ್ಲೇ ಇದೆ,
ತೆಗೆದು ತೋರಿಸಿದ,
ಹಲ್ಲು ಕಿತ್ತ ಡಾಕ್ಟರನ ಹಾಗೆ.

ಗೇಟಿನ ಬಳಿ ಊರೇ ಪಂಚನಾಮೆ ಬರೆಯುತ್ತಿದೆ.
'ಇನ್ಶೂರೆನ್ಸಿಗೆ ಸ್ವಾಮಿ, ಮೊಮ್ಮಗ ಪಂಪಾಪತೀನೇ ಗೀರಿರ್ಬೇಕು.'
'ಓಬಯ್ಯನ ಬೀಡಿ.'
'ಹಳೇ ಮಿಲ್ಲು, ತಾನೇ ಸಾಯಕ್ಕೆ ನೋಡ್ತಿತ್ತು ಬಿಡಿ.'
ನಕ್ಕರು.
ಕೊನೆಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ಪಂಪಾಪತಿ ಜೇಬಿನಿಂದ ಒಂದು ಕಾಗದ ತೆಗೆದ.
ಪಾಲಿಸಿ ಮಾರ್ಚಿಗೇ ಮುಗಿದಿದೆ.
ಕಳ್ಳತನ ಒಪ್ಪಿಕೊಳ್ಳುವವನಂತೆ ಮಡಿಚಿ ಒಳಗಿಟ್ಟ.
ಓಬಯ್ಯ ಬೀಡಿ ಬಿಟ್ಟು ಆರು ವರ್ಷ,
ಪುರಾವೆಗೆ ಕೆಮ್ಮಿ ತೋರಿಸಿದ.
ಉರಿಯುವ ಮನೆಯ ಗಳ ಹಿರಿಯುವವರು
ನಮಗಿಂತ ಮೊದಲೇ ಬಂದು ಹೋಗಿದ್ದರು,
ಪೀಪಾಯಿಗಳಿಗೆ ಹಿತ್ತಾಳೆಯ ನಲ್ಲಿ ಇರಲಿಲ್ಲ.

ಬೆಂಕಿಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು.
ತೊಲೆಗಳಿಗೆ ಮೊಳೆ ಚುಚ್ಚುತ್ತಾ ಹೋದೆ.
ಬಾಗಿಲ ಹತ್ತಿರ ಇದ್ದಿಲು ಕಾಲಿಂಚು,
ಯಂತ್ರದ ಪಕ್ಕ ಅರ್ಧ,
ಸೋಸುವ ಕೋಣೆಯ ಮೂಲೆಯಲ್ಲಿ
ಮೊಳೆ ಪೂರಾ ಒಳಗೆ, ಬೆಣ್ಣೆಗೆ ಇಳಿದ ಹಾಗೆ.
ಅಲ್ಲಿ ಗೋಡೆಯ ಮಸಿ ಮೊರದಂತೆ ಮೇಲೆ ಅಗಲ, ಕೆಳಗೆ ಕಿರಿದು.
ಕಿರಿದಾದ ತುದಿಯಲ್ಲಿ ಕಡಪಾ ಕಲ್ಲು,
ಕಲ್ಲಿನ ಮೇಲೆ ಪುಟಪುಟವಾಗಿ
ಒಂದು ಕಪ್ಪು ಪುಸ್ತಕ.

ಪುಸ್ತಕವಲ್ಲ. ಎಣ್ಣೆ ಸೋಸುವ ಬಟ್ಟೆ.
ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು
ಇದ್ದಿಲಾದ ಮೇಲೂ ಕಾಣುತ್ತಿತ್ತು.

'ನಾನೇ ಮಡಿಚಿಟ್ಟಿದ್ದು' ಅಂದಳು ದ್ಯಾವಮ್ಮ.
ಹತ್ತೊಂಬತ್ತು ವರ್ಷ ಅವಳದು ಇದೇ ಕೋಣೆ.
'ಶುಕ್ರವಾರ ಕಡೇ ಲೋಡು, ಹುಚ್ಚೆಳ್ಳು ಆಡಿಸಿದ್ದು.
ದಿನಾ ಆದ್ರೆ ಬಟ್ಟೆ ಮೂಲೇಗೆ ಬಿಸಾಕಿ ಹೋಗೋಳು,
ಬೆಳಿಗ್ಗೆ ಬಂದು ಸೋಡಾ ಹಾಕಿ ಒಗೆಯೋಳು.
ನಾಳೆಯಿಂದ ಮಿಲ್ಲಿಲ್ಲ ಅಂದ್ರು.
ಅನ್ನ ಕೊಟ್ಟ ಜಾಗ, ಹಂಗೇ ಚೆಲ್ಲಾಡಿ ಹೋಗಬಾರ್ದು ಅಂತ
ಅರವತ್ತೆರಡೂ ಮಡಿಚಿ, ಜೋಡಿಸಿ,
ಇಲಿ ಕಡೀದಿರ್ಲಿ ಅಂತ ನಾಕು ಗೋಣಿಚೀಲ ಹೊದಿಸಿದೆ.
ಇನ್ನೂ ಬೆಚ್ಚಗಿದ್ವು ಸ್ವಾಮಿ,
ಮಲಗಿರೋ ಮಗೀನ ಹೊಟ್ಟೆ ಹಂಗೆ.'

ಹುಚ್ಚೆಳ್ಳೆಣ್ಣೆಗೆ ಗಾಳಿ ಕುಡಿಯುವ ಚಟ,
ಕುಡಿದಷ್ಟೂ ಮೈ ಕಾಯುತ್ತದೆ.
ಚೆಲ್ಲಾಡಿ ಬಿಟ್ಟರೆ ಕಾವು ಎತ್ತಲೋ ಹಾರಿಹೋಗುತ್ತದೆ.
ಮಡಿಸಿ ಹೊದಿಸಿದರೆ
ಕಡ್ಡಿ ಬೇಡ, ಕಿಡಿ ಬೇಡ, ವೈರು ಬೇಡ.
ಎರಡು ರಾತ್ರಿ, ನಡುವೆ ಒಂದು ಹಗಲು,
ಆ ಗೋಣಿಚೀಲ
ಕೋಳಿಯ ಹಾಗೆ ಕಾವು ಕೂತಿತ್ತು.

ಕೈ ತೊಳೆಯಲು ನೀರು ಹೊಯ್ದವಳೂ ಅವಳೇ.
'ಹೆಂಗೆ ಹತ್ಕೊಂಡ್ತು, ಗೊತ್ತಾಯ್ತಾ?'
'ಇನ್ನೂ ನೋಡ್ಬೇಕಮ್ಮ' ಅಂದೆ.
ಇನ್ನೊಂದು ಚೊಂಬು ಹೊಯ್ದಳು.

ಜೀಪಿನಲ್ಲಿ ಕೂತು ಬರೆದೆ:
ಎಣ್ಣೆ ಬಟ್ಟೆ ತಾನಾಗಿ ಕಾದು.
'ತಾನಾಗಿ' ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು.
ಹನ್ನೆರಡನೆಯದು: ನಿರ್ಲಕ್ಷ್ಯವಿದ್ದಲ್ಲಿ ಯಾರದು?
ಇಲ್ಲ, ಎಂದು ಬರೆದು ಎರಡು ಗೆರೆ ಎಳೆದೆ.
ಅಕ್ಕರೆಗೆ ಆ ಫಾರಮ್ಮಿನಲ್ಲಿ ಕಾಲಂ ಇಲ್ಲ.

ರಾತ್ರಿ ಸ್ಟೇಷನ್ನಿನಲ್ಲಿ ಡ್ರೈವರ್ ಜಬೀವುಲ್ಲಾ
ಗಾಡಿ ಒರೆಸುವ ಬಟ್ಟೆಗಳನ್ನು
ಅಂದವಾಗಿ ಮಡಿಚಿ ಪೇರಿಸಿಟ್ಟಿದ್ದ.
ಒಂದೊಂದನ್ನೇ ಬಿಡಿಸಿ ತಂತಿಯ ಮೇಲೆ ಹರವಿದೆ.
'ಯಾಕೆ ಸಾರ್?'
'ಸುಮ್ನೆ' ಅಂದೆ.