ಎಲ್ಲಿ ಒತ್ತು

ಬೆಟಗೇರಿ ರೈಲ್ವೆ ಗೇಟಿನ ಈಚೆ, ಹತ್ತಿಕಾಳಿನ ವಾಸನೆಯ ಓಣಿಯಲ್ಲಿ
ಟ್ರೆಡಲ್ ಮಷೀನು ಇನ್ನೂ ಬಡಿಯುತ್ತಿದ್ದ ವರ್ಷ.
ನಾನು ಪ್ರೂಫು ತಿದ್ದುವವಳು,
ಮೊಳೆ ಜೋಡಿಸುವವನು ನಬೀಸಾಬ ಡಂಬಳ.

ಇಂಗ್ಲಿಷು ಬಾರದು ಅವನಿಗೆ.
ಆದರೂ ಕಾಲೇಜಿನ ಗ್ರಾಮರ್ ಗೈಡನ್ನು
ತಲೆಕೆಳಗಾಗಿ, ಕನ್ನಡಿಯೊಳಗಿನಂತೆ,
ಎಡಗೈಯಲ್ಲೇ ಹೆಕ್ಕಿ ಕೂರಿಸುತ್ತಿದ್ದ.

ಅಂದು ಸಾಲಿನ ತುದಿಗೆ ಬಂದದ್ದು
ಲೆಫ್ಟ್-ಹ್ಯಾಂಡೆಡ್.
ಜಾಗ ಸಾಲದೆ ಮುರಿದ:
ಲೆಫ್ಟ್-ಹ್ಯಾನ್-
ಡೆಡ್.

ಮೊದಲೇ ಗೀಟಿದ್ದ ಪದವನ್ನು
ಗೀಟಿದ್ದಲ್ಲೇ ಮುರೀಬೇಕು ಕಾಕಾ,
ಇನ್ನೊಂದು ಗಾಯ ಮಾಡಬಾರದು, ಅಂದೆ.
ಕೆಂಪು ಶಾಯಿ ಇನ್ನೂ ಒಣಗಿರಲಿಲ್ಲ.
"ಓದು ನೋಡೂಣು," ಅಂದ, "ಯಾವ ಕಡೆ ಜೋರು?"

ಧಾರವಾಡದ ಶಿಬಿರದಲ್ಲಿ ಹದಿನೈದು ದಿನ
ಮೇಜು ಕುಟ್ಟಿ ಕಲಿತದ್ದು ಅದನ್ನೇ.
ಅವನು ಇಂಥವನು ಎಂದು ಅಲ್ಲಿಗೇ ಮುಗಿಸಿದರೆ
ಭಾರ ಹ್ಯಾಂಡಿನ ಮೇಲೆ.
ಮುಂದೆ ಒಂದು ನಾಮಪದ ಬಂದು ಕೂತರೆ,
ಬೌಲರೋ ಬಡಗಿಯೋ ಯಾರೋ,
ಭಾರ ಹಿಂದೆ ಸರಿದು ಲೆಫ್ಟಿನ ಮೇಲೆ.

"ಅಂದ್ರ ಸೈಕಲ್ಲಿನಂಗ.
ಮುಂದಿನ ಡಂಡಾದ ಮ್ಯಾಲ ಹುಡುಗ ಕುಂತನಂದ್ರ
ತುಳಿಯಾಂವ ಹಿಂದ ವಾಲತಾನ."

ನಾನು ಇದಕ್ಕೆ ಎರಡು ಪುಟ ನೋಟ್ಸು ಬರೆದಿದ್ದೆ.

ನಮ್ಮದರಲ್ಲಿ ಹೀಗಿಲ್ಲ ಕಾಕಾ,
ನಮ್ಮಲ್ಲಿ ಮಾತ್ರೆಯ ಎಣಿಕೆ, ಲಘು, ಗುರು.
ಒತ್ತು ಅಂದರೆ ಅಕ್ಷರದ ಕಾಲಬಳಿ ಕೂರುವ ಮರಿ, ಅಷ್ಟೇ.

ಒತ್ತಿನ ಖಾನೆಯಿಂದ ತ-ಒತ್ತೊಂದು ತೆಗೆದು
ಅಂಗೈಯಲ್ಲಿ ತೂಗಿದ. ತಿರುಗಿ ಹಾಕಿದ.
"ಎಡಚ," ಅಂದ ಆಮೇಲೆ.
"ಮೂರೇ ಅಕ್ಷರ. ಗೀಟಿಲ್ಲ, ಒತ್ತಿಲ್ಲ.
ಸಾಲ್ಯಾಗ ಮಾಸ್ತರ ಕರದ್ರ
'ಎ' ಮ್ಯಾಲ ಬಡಿಗಿ ಬೀಳತಿತ್ತು.
ಬಾಜೂಮನಿ ಶಂಕ್ರವ್ವ ಉಣ್ಣಾಕ ಕರದ್ರ
'ಚ' ಉದ್ದಾಗಿ, ಹಿತ್ತಲ ದಾಟಿ,
ನಾ ಗೋಲಿ ಆಡೂ ತನಾ ಬರತಿತ್ತು.
ಇಲ್ಲಂತೀ?"

ನನ್ನ ಬಳಿ ಉತ್ತರವಿರಲಿಲ್ಲ, ಪೆನ್ನಿತ್ತು.

ಲೆಫ್ಟ್ ಗೀಟು ಮೇಲಿನ ಸಾಲಿನಲ್ಲಿ ಉಳಿಯಿತು,
ಹ್ಯಾಂಡೆಡ್ ಕೆಳಗೆ ಇಳಿಯಿತು.
ಬಯಲಾದ ಜಾಗಕ್ಕೆ ಪದಪದಗಳ ನಡುವೆ
ತೆಳ್ಳನೆ ಸೀಸದ ತುಂಡು ತುರುಕುತ್ತ
ಅವನು ಸಾಲು ಹಿಗ್ಗಿಸಿದ. ಹಲ್ಲುದುರಿದ ಬಾಯಿಯಂತಿತ್ತು.

ಅಚ್ಚಾದ ಹಾಳೆ ಮಗುಚಿ ಬೆನ್ನು ಸವರಿದೆ.
ಎಲ್ಲ ಅಕ್ಷರಕ್ಕಿಂತ ಆಳವಾಗಿ ಒತ್ತಿದ್ದು
ಗೀಟು;
ಅಲ್ಲಿ ಕಾಗದ ಕೂದಲೆಳೆಯಷ್ಟು ಹರಿದಿತ್ತು.

ಶನಿವಾರ ಮಾಲೀಕ, ಹಾಳೆ ಕೆಡಿಸಿದ್ದಕ್ಕೆ,
ಅವನ ಪಗಾರದಲ್ಲಿ ಎರಡು ರೂಪಾಯಿ ಮುರಿದುಕೊಂಡ.
ಅದನ್ನು ಎಲ್ಲಿ ಮುರಿಯಬೇಕೆಂದು
ಆ ಗೈಡಿನಲ್ಲಿ ಇರಲಿಲ್ಲ.