ದಿಡ್ಡಿ ಬಾಗಿಲು

ಕೋಟೆ ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದರಂತೆ.
ನಾನೂ ಅದನ್ನೇ ಮಾಡಿದೆ, ಮೊಣಕಾಲೂರಿ,
ಗ್ರಿಮ್ಸ್‌ಬಿಯ ಓಣಿಯಲ್ಲಿ, ಗ್ಯಾರೇಜಿನ ಪಕ್ಕದ ಬಾಗಿಲಿಗೆ,
ಬಾಯಲ್ಲಿ ನಾಲ್ಕು ತಿರುಪುಮೊಳೆ ಕಚ್ಚಿಕೊಂಡು.

ಕೋಟೆಯೇನೂ ದೊಡ್ಡದಲ್ಲ.
ಕಾರು ಮಾರಿ ಆರು ವರ್ಷ. ಒಳಗಿದ್ದದ್ದು
ಬಣ್ಣದ ಡಬ್ಬಗಳು, ಹುಲ್ಲು ಕತ್ತರಿಸುವ ಯಂತ್ರ,
ಬಲೆ ಹೆಣೆಯುತ್ತಿದ್ದ ಕಾಲದ ಮರದ ಸೂಜಿಗಳು,
ಮತ್ತು ಪಕ್ಕದ ಮನೆಯ ದಾನುಟೆಯ ಸೈಕಲ್ಲು.
ಕಳ್ಳ ಮುಟ್ಟಿದ್ದು ಸೈಕಲ್ಲೊಂದನ್ನೇ.
ನನ್ನದೆನ್ನುವ ಯಾವುದೂ ಅವನಿಗೆ ಬೇಕಾಗಲಿಲ್ಲ;
ಅದೂ ಒಂದು ಅವಮಾನವೇ.

ಹಳೆಯದು ಹೆಸರಿಗಷ್ಟೇ ಬೀಗ.
ಎರಡು ಲಿವರ್, ಚಮಚದ ಹಿಡಿಗೂ ತೆರೆದುಕೊಳ್ಳುತ್ತಿತ್ತು
(ನಾನೇ ತೆರೆದಿದ್ದೇನೆ, ಕೀಲಿ ಕಳೆದ ಒಂದು ಭಾನುವಾರ).
ಪೊಲೀಸರು ಬಂದರು ಎನ್ನಲಾರೆ; ಫೋನಿನಲ್ಲಿ
ಒಂದು ನಂಬರು ಕೊಟ್ಟರು. ಅದನ್ನು
ಬಣ್ಣದ ಡಬ್ಬದ ಮುಚ್ಚಳದ ಮೇಲೆ ಬರೆದಿಟ್ಟೆ.

ದಾನುಟೆ ಬೈಯಲಿಲ್ಲ.
ಮೀನಿನ ಕಾರ್ಖಾನೆಯಲ್ಲಿ ನಾಲ್ಕೂವರೆಯ ಪಾಳಿ ಅವಳದು;
ಮೂರು ವಾರ ನಡೆದೇ ಹೋದಳು.
ಅವಳ ಬೂಟಿನ ಸದ್ದು ನನ್ನ ಕಿಟಕಿಯ ಕೆಳಗೆ ಹಾಯುವಾಗ
ಎಚ್ಚರವಿದ್ದೂ ನಿದ್ದೆ ಬಂದವನಂತೆ ಮಲಗಿರುತ್ತಿದ್ದೆ,
ಯಾರೂ ನೋಡುತ್ತಿರದಿದ್ದರೂ.
ಬೈದಿದ್ದರೆ ಎದ್ದು ಒಂದು ಮಾತಾಡಬಹುದಿತ್ತು.

ಹೊಸದು ಐದು ಲಿವರಿನದು, ಅಂಗೈಯಗಲದ ಪೆಟ್ಟಿಗೆ.
ಬಾಗಿಲ ಅಂಚಿನಲ್ಲಿ ಸಾಲಾಗಿ ಏಳು ತೂತು ಕೊರೆದು
ನಡುವಿನ ಮರವನ್ನು ಉಳಿಯಿಂದ ಬಿಡಿಸುತ್ತ ಹೋಗಬೇಕು.
ಜಾಸ್ತಿ ಹೊಡೆದರೆ ಹಲಗೆ ಸೀಳುತ್ತದೆ,
ಕಡಿಮೆಯಾದರೆ ಬೀಗ ಅರ್ಧ ಹೊರಗೇ ನಿಲ್ಲುತ್ತದೆ.
ಮೂರು ಸಲ ಇಟ್ಟೆ, ಮೂರು ಸಲ ತೆಗೆದೆ.
ನಾಲ್ಕನೆಯ ಸಲ ಕೂತಿತು, ದವಡೆಯಲ್ಲಿ ಹಲ್ಲು ಕೂತ ಹಾಗೆ.

ಇನ್ನು ಅದರ ನಾಲಿಗೆ ಹೊಗುವ ಗೂಡು, ಚೌಕಟ್ಟಿನಲ್ಲಿ.
ಉಳಿ ಇಟ್ಟೆ; ಸುತ್ತಿಗೆ ಎತ್ತುವ ಮೊದಲೇ
ಒಳಗಿಳಿಯಿತು, ಕೇಕಿಗೆ ಚಾಕು ಇಳಿದಂತೆ.
ಬಣ್ಣದ ಹಿಂದೆ ಮರವೇ ಇರಲಿಲ್ಲ.
ಉಪ್ಪುಗಾಳಿ ತಿಂದು ಬಿಟ್ಟ ಜಾಗದಲ್ಲಿ
ನಾನು ವರ್ಷಬಿಟ್ಟು ವರ್ಷ ಬಳಿದ ಹಸಿರೊಂದೇ
ಚೌಕಟ್ಟಿನ ವೇಷ ಹಾಕಿ ನಿಂತಿತ್ತು.
ಎಂಥ ಬೀಗ ಹಾಕಿದರೇನು,
ಕಬ್ಬಿಣದ ನಾಲಿಗೆ ಕಚ್ಚಿ ಹಿಡಿಯುವುದು ಹುಡಿಯನ್ನು.

ಬೀಗದ ಕೆಲಸ ನಿಂತು ಮರದ ಕೆಲಸ ಶುರುವಾಯಿತು.
ಕೊಳೆತದ್ದನ್ನು ಮೊಳದುದ್ದ ಕೊಯ್ದು ತೆಗೆದೆ.
ಒಡೆದ ಟ್ರಾಲರಿನ ಓಕ್ ತುಂಡೊಂದು,
ಯಾತಕ್ಕೆಂದು ತಿಳಿಯದೆ ಹಡಗುಕಟ್ಟೆಯಿಂದ ತಂದಿಟ್ಟದ್ದು,
ಕಳ್ಳನಿಗೂ ಬೇಡವಾದದ್ದು,
ಹೊಂದಿಕೊಂಡಿತು.
ಇಟ್ಟಿಗೆ ಮುಟ್ಟುವವರೆಗೆ ನಾಲ್ಕಂಗುಲದ ತಿರುಪು ಬಿಗಿದೆ.

ಬೇಲಿಯಾಚೆಯಿಂದ ನಾರ್ಮನ್ ಕೇಳಿದ,
'ಕೀಲಿ ಎಷ್ಟು ಬಂತು?'
'ಎರಡು.'
'ಎರಡನ್ನೂ ನೀನೇ ಇಟ್ಟುಕೋ. ಯಾವ ದೇಶದವಳೋ ಏನೋ.'
ನಾರ್ಮನ್ ನನ್ನ ಏಣಿ ತಗೊಂಡು ಹೋಗಿ ಒಂಬತ್ತು ವರ್ಷ.

ಬೀಗಕ್ಕೆ ಕೈ ಎರಡೇ; ಒಂದನ್ನು ಅವಳ ಕೈಯಲ್ಲಿಟ್ಟೆ.
ಕ್ಷಮೆಯ ಮಾತೊಂದು ಸಿದ್ಧ ಮಾಡಿಕೊಂಡಿದ್ದೆ,
ಅದು ಗಂಟಲು ದಾಟುವಷ್ಟರಲ್ಲಿ
ಅವಳು ಬೀಗಕ್ಕೆ ತೂರಿಸಿ, ತಿರುಗಿಸಿ,
ತಲೆ ಓರೆ ಮಾಡಿ ಆಲಿಸಿ,
'ಸ್ವಲ್ಪ ಬಿಗಿ. ಎಣ್ಣೆ ಬೇಡ, ಪೆನ್ಸಿಲ್ ಪುಡಿ ಹಾಕಿ' ಅಂದಳು.
ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.
ಹೊಸ ಸೈಕಲ್ಲು, ಅಂದರೆ ಯಾರದೋ ಹಳೆಯದು, ಕೆಂಪು,
ಗಂಟೆಯಿಲ್ಲದ್ದು, ಬಣ್ಣದ ಡಬ್ಬಗಳಿಗೆ ಒರಗಿ ನಿಂತಿತು.

ಈಗ ನಾಲ್ಕು ಗಂಟೆಯ ಕತ್ತಲಲ್ಲಿ
ತೆರೆಯುವಾಗ ಒಂದು ಟಕ್.
ಚಕ್ರದ ಟಿಕಿಟಿಕಿ. ಹಾಕುವಾಗ ಇನ್ನೊಂದು.
ಮೊದಮೊದಲು ಆ ಇನ್ನೊಂದಕ್ಕೆ
ಉಸಿರು ಹಿಡಿದು ಕಾಯುತ್ತಿದ್ದೆ.
ನಿನ್ನೆ
ಅದು ಬಿತ್ತೋ ಇಲ್ಲವೋ,
ನನಗೆ ಗೊತ್ತಿಲ್ಲ.