ಗೋಡೆಯ ಮೇಲೆ ಎರಡು ಗೆರೆ

ಕೌಲ್‌ಬಜಾರಿನ ಸಂದಿಯಲ್ಲಿ, ಶೇಕ್ಷಾವಲಿಯ ಜೀನ್ಸ್ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷದಿಂದ ದಾರ ಕತ್ತರಿಸುತ್ತೇನೆ.
ಹೊಲಿದು ಬಂದ ಪ್ಯಾಂಟಿನಲ್ಲಿ ಅಲ್ಲಲ್ಲಿ ತುದಿ ಇಣುಕುತ್ತಿರುತ್ತವಲ್ಲ,
ಜಿಪ್ಪಿನ ಬುಡ, ಪಟ್ಟಿಯ ಅಂಚು, ಹಿಂದಿನ ಜೇಬಿನ ಮೂಲೆ,
ಅವನ್ನೆಲ್ಲ ಪುಟ್ಟ ಕತ್ತರಿಯಲ್ಲಿ ಚಕ್, ಚಕ್.
ಎಡಗಾಲು ಮಡಿಚಿ, ಬಲ ಮಂಡಿ ಎತ್ತಿ,
ಮಂಡಿಯ ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ ಕಣ್ಣು.
ಕಣ್ಣಿನ ಹಿಂದೆ ತಲೆ, ಅದರ ಹಿಂದೆ
ನನ್ನದೂ ಒಂದು ಬೆನ್ನಿದೆಯೆಂದು
ಯಾರೂ ಹೇಳಿರಲಿಲ್ಲ.

ಬೆನ್ನೇ ಹೇಳಿತು. ಒಂದು ಬೆಳಿಗ್ಗೆ
ನಲ್ಲಿಯ ಕೆಳಗಿನ ಕೊಡಕ್ಕೆ ಬಗ್ಗಿದವಳು
ಬಗ್ಗಿಯೇ ಉಳಿದೆ.
ಗಾದಿಲಿಂಗಪ್ಪನ ಹೆಂಡತಿ ಮೊದಲು ನಕ್ಕಳು,
"ಏನೇ ಮಾರೆಕ್ಕ, ಯಾರಿಗೆ ನಮಸ್ಕಾರ?"
ಆಮೇಲೆ ಆಟೋ ಕರೆದಳು.

ವಿಮ್ಸಿನ ಬೆಂಚಿನ ಮೇಲೆ ಎಲ್ಲರೂ
ಅವರವರ ನೋವಿನ ಕಡೆಗೆ ವಾಲಿ ಕೂತಿದ್ದರು.
ಫಿಸಿಯೋ ಹುಡುಗಿ, ಸಂಡೂರಿನ ಕಡೆಯವಳು,
ಎಕ್ಸ್‌ರೇ ಬಿಚ್ಚುವ ಮೊದಲೇ ಕೇಳಿದಳು,
"ಹೆಂಗ್ ಕುಂತ್ಕಂತೀರಮ್ಮ, ತೋರ್ಸಿ."

ಎಷ್ಟು ದುಡಿಯುತ್ತೀ ಅಂತ ಕೇಳಿದವರಿದ್ದಾರೆ,
ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು.
ಹೇಗೆ ಕೂರುತ್ತೀ ಅಂತ
ಹುಟ್ಟಿದಾಗಿನಿಂದ ಒಬ್ಬರೂ ಕೇಳಿಲ್ಲ.
ಆಸ್ಪತ್ರೆಯ ನೆಲದ ಮೇಲೆ ಸೀರೆ ಸರಿಮಾಡಿಕೊಂಡು
ಇಲ್ಲದ ಪ್ಯಾಂಟನ್ನು ಮಂಡಿಗೆ ಹಾಕಿ, ಇಲ್ಲದ ಕತ್ತರಿ ಹಿಡಿದು
ಕೂತು ತೋರಿಸಿದೆ.
ನಿದ್ದೆಯಲ್ಲಿದ್ದಾಗ ಯಾರೋ ನೋಡಿದಷ್ಟು ನಾಚಿಕೆ.

ಅವಳು ನಗಲಿಲ್ಲ. "ಗೋಡೆಗೆ ಒತ್ತಿ ನಿಂದ್ರಿ.
ಹಿಮ್ಮಡ, ಕುಂಡಿ, ಹೆಗಲು, ತಲೆ. ನಾಕೂ ತಾಕ್ಬೇಕು."
ಹಿಮ್ಮಡ ತಾಕಿತು. ಕುಂಡಿ ತಾಕಿತು. ಹೆಗಲು ಅರ್ಧ.
ತಲೆ ಮಾತ್ರ ನಾಲ್ಕು ಬೆರಳು ಮುಂದೆ,
ಇನ್ನೂ ಪ್ಯಾಂಟು ಹುಡುಕುತ್ತಿತ್ತು.

"ಪ್ಯಾಂಟನ್ನ ಕಣ್ಣಿನ ಹತ್ರ ತನ್ನಿ,
ಕಣ್ಣನ್ನ ಪ್ಯಾಂಟಿನ ಹತ್ರ ಒಯ್ಬ್ಯಾಡ್ರಿ.
ಅರ್ಧ ತಾಸಿಗೊಮ್ಮೆ ಏಳ್ರಿ."
ಎದ್ದರೆ ದಿನಕ್ಕೆ ಎಂಟು ಪ್ಯಾಂಟು ಕಡಿಮೆ.
ಲೆಕ್ಕ ಬಾಯಿಗೆ ಬಂದಿತ್ತು, ನುಂಗಿದೆ.

ಅವತ್ತಿನಿಂದ ಕಾಣತೊಡಗಿತು ನೋಡಿ.
ಸಿಟಿ ಬಸ್ಸಿನಲ್ಲಿ ಫೋನಿಗೆ ಜೋತುಬಿದ್ದ ಕತ್ತುಗಳು,
ಒಂದೇ ಹೆಗಲಿಗೆ ಬ್ಯಾಗು ನೇತುಹಾಕಿ ಸೊಟ್ಟಗಾದ ಹುಡುಗಿ,
ಗಲ್ಲಾದ ಮೇಲೆ ಎಡ ಮೊಣಕೈಯೂರಿ
ಎಡಕ್ಕೇ ಬೆಳೆದ ಶೇಕ್ಷಾವಲಿ.
ಮತ್ತೆ ನನ್ನ ಎರ‍್ರಿಸ್ವಾಮಿ.
ಅದಿರಿನ ಟಿಪ್ಪರ್ ಓಡಿಸುವವನು, ಹಿಂದಿನ ಜೇಬಿನಲ್ಲಿ
ಇಟ್ಟಿಗೆಯಂಥ ಪರ್ಸಿಟ್ಟು ಅದರ ಮೇಲೆಯೇ ಕೂರುತ್ತಾನೆ,
ತೋರಣಗಲ್ಲಿನ ತನಕ, ಹೋಗುತ್ತ ಬರುತ್ತ.
ಬಿಚ್ಚಿ ನೋಡಿದೆ. ಲೈಸೆನ್ಸು, ಡೀಸೆಲ್ ಚೀಟಿ,
ಮಾಸಿದ ಒಂದು ದೇವರ ಫೋಟೋ, ನಲವತ್ತು ರೂಪಾಯಿ.
ಇದಕ್ಕಾ ಒಂದು ಪಕ್ಕ ಎತ್ತರ!
ಆ ಜೇಬಿನ ದಾರ ಕತ್ತರಿಸಿದ್ದು ನಾನೇ ಇರಬೇಕು.

ಹಳೇ ಚಿಂದಿಯನ್ನೆಲ್ಲ ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟು
ಗೋಡೆಗೆ ಒರಗಿ ಕೂರುತ್ತೇನೆ ಈಗ.
ಎರಡನೇ ದಿನ ಮಹಬೂಬಿಯೂ ಒಂದು ಸುತ್ತಿದಳು.
"ವೇಸ್ಟ್ ಎಲ್ಲಿ ಹೋಗಾಕ್ಹತ್ತೈತಿ?" ಅಂದ ಶೇಕ್ಷಾವಲಿ.
ಯಾರೂ ತಲೆ ಎತ್ತಲಿಲ್ಲ.
ಎತ್ತುವ ಅಗತ್ಯ ನನಗಿರಲಿಲ್ಲ, ಎತ್ತಿಯೇ ಇತ್ತು.

ಫಿಸಿಯೋ ಹುಡುಗಿ ಇನ್ನೊಂದು ಹೇಳಿದ್ದಳು,
ನಂಬದೆ ಪರೀಕ್ಷೆ ಮಾಡಿದೆ.
ಬೆಳಿಗ್ಗೆ ಎದ್ದೊಡನೆ ಗೋಡೆಗೆ ನಿಂತೆ,
ಎರ‍್ರಿಸ್ವಾಮಿ ಮಗಳ ಸ್ಕೇಲು ನನ್ನ ತಲೆಗಿಟ್ಟು
ದರ್ಜಿಯ ಸುಣ್ಣದಲ್ಲಿ ಗೆರೆ ಎಳೆದ.
ರಾತ್ರಿ ಶೆಡ್ಡಿನಿಂದ ಬಂದು ಮತ್ತೆ ನಿಂತೆ, ಇನ್ನೊಂದು ಗೆರೆ.
ನಡುವೆ ಅರ್ಧ ಬೆರಳು.

"ಇಷ್ಟು ನೀನು ಅಲ್ಲೇ ಬಿಟ್ಟು ಬಂದೀ," ಅಂದ.
ಪರ್ಸು ತೆಗೆದು ಗೂಡಿನಲ್ಲಿಟ್ಟ, ಏನೂ ಹೇಳದೆ.

ಬಿಟ್ಟುಬಂದದ್ದು ಮಲಗಿದಾಗ ವಾಪಸು ಬರುತ್ತದಂತೆ.
ಕರೆಯದೆಯೇ, ಕೂಲಿ ಕೇಳದೆಯೇ.
ಬೆಳಿಗ್ಗೆ ಎದ್ದು ನೋಡುತ್ತೇನೆ,
ಮೇಲಿನ ಗೆರೆಗೆ ತಲೆ ಮುಟ್ಟುತ್ತದೆ.
ಇಲ್ಲಿಯವರೆಗೆ ಮುಟ್ಟಿದೆ.